ಅಳಲು ಅಪ್ಪಣೆ ಬೇಕಾದ ನಗರ

ಪ್ರೊಫೆಸರ್ ಪೊರ್ಫಿರಿ ವೆತೋಶ್ಕಿನ್ ತೀರಿಕೊಂಡ ಸುದ್ದಿ ಲೆನಿನ್‌ಗ್ರಾಡಿನ ಪತ್ರಿಕೆಯಲ್ಲಿ ಬಂದ ಬೆಳಿಗ್ಗೆ, ಐದು ಸಂಸಾರಗಳಿಗೆ ಒಂದೇ ಆಗಿದ್ದ ಆ ಅಡುಗೆಮನೆಯಲ್ಲಿ ಪಕ್ಕದ ಕೋಣೆಯ ಫಾಯಿನಾ ಗಟ್ಟಿಯಾಗಿ ನಕ್ಕಳು.

“ಕಪಾ, ಬಾರೇ ಇಲ್ಲಿ! ನಿನ್ನ ಶತ್ರು ಹೋದ. ಇವತ್ತಾದ್ರೂ ಚಹಾಕ್ಕೆ ಸಕ್ಕರೆ ಹಾಕ್ಕೋ.”

ಕಪಿತೊಲಿನಾ ಪತ್ರಿಕೆ ನೋಡಿದಳು. ಕೈಯಲ್ಲಿದ್ದ ಕೆಟಲನ್ನು ಕೆಳಗಿಟ್ಟಳು. ಗಂಡನನ್ನು ಹಿಡಿದೊಯ್ದ ದಿನವೂ ಅಳದಿದ್ದ ಮುದುಕಿ ಸ್ಟೂಲಿನ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು.

“ಅಯ್ಯೋ, ಇದೇನೇ? ಅವನ ಹೆಸರೆತ್ತಿದ್ರೆ ಉಗೀತಿದ್ದೋಳು ನೀನು!”

“ನನ್ನ ಗಂಡ ಬರೆದದ್ದನ್ನ ಓದಿದೋನು ಅವನೊಬ್ಬನೇ ಕಣೇ. ಇನ್ನು ಯಾರನ್ನ ಕೇಳ್ಲಿ?”

ಅವಳ ಗಂಡ ಗ್ಲೇಬ್ ಕ್ರಾಂತಿಯಾದ ಹೊಸತರಲ್ಲಿ ಒಂದೇ ಒಂದು ಕಾದಂಬರಿ ಬರೆದಿದ್ದ. ಮುಂದೆಂದೋ ಬರಲಿರುವ ಒಂದು ನಗರದ ಕಥೆ. ಅಲ್ಲಿ ಅಳುವುದಕ್ಕೂ ಸರ್ಕಾರದ ಅಪ್ಪಣೆ ಬೇಕು. ಟೈಪು ಮಾಡಿದವಳು ಕಪಿತೊಲಿನಾ. ಅದು ಅಚ್ಚಾಗುವ ಮೊದಲೇ ಇದ್ದೊಂದು ಪ್ರತಿಯನ್ನೂ ಗ್ಲೇಬನನ್ನೂ ಪೊಲೀಸರು ಒಟ್ಟಿಗೆ ಒಯ್ದರು. ಗ್ಲೇಬ್ ಉತ್ತರದ ಸೆರೆಶಿಬಿರದಲ್ಲಿ ಸತ್ತ. ಪ್ರತಿ ಒಂದು ಸಂಸ್ಥೆಯ ಕಪಾಟು ಸೇರಿತು. ಆ ಕಪಾಟು ತೆರೆಯುತ್ತಿದ್ದುದು ಒಬ್ಬನಿಗೆ ಮಾತ್ರ: ಅದನ್ನು ಖಂಡಿಸಲೆಂದೇ ನೇಮಕವಾದ ವಿದ್ವಾಂಸ ವೆತೋಶ್ಕಿನ್.

ಅವನು ಖಂಡಿಸಿದ. ವರ್ಷವರ್ಷವೂ ಖಂಡಿಸಿದ. ಕೃತಿಯನ್ನು ಪುಟಗಟ್ಟಲೆ ಉದ್ಧರಿಸಿ, ಕೆಳಗೆ ನಾಲ್ಕು ಸಾಲು ಬೈಯುವುದು ಅವನ ಪದ್ಧತಿ. ವೈರಿಯ ಬಾಯಿಂದಲೇ ವೈರಿಯ ತಪ್ಪು ಹೊರಬೀಳಬೇಕು ಎಂಬುದು ಆ ಕಾಲದ ವಿಮರ್ಶೆಯ ಪಾಠ. ಸಂಪಾದಕರಿಗೆ ಸಂತೋಷವೇ ಆಯಿತು. ವಿದ್ಯಾರ್ಥಿಗಳು ಮಾತ್ರ ಹಿಂದಿನಿಂದ ಅವನನ್ನು “ಕತ್ತರಿ” ಎನ್ನುತ್ತಿದ್ದರು. ಸ್ವಂತದ್ದೇನಿದೆ ಅವನಲ್ಲಿ, ಬರೀ ಕತ್ತರಿ ಮತ್ತು ಅಂಟು!

ಸತ್ತವನ ಮೇಲೆ ಉಗುಳುವ ಆ ಬರಹವನ್ನು ಮುಟ್ಟುವುದಿಲ್ಲವೆಂದು ಕಪಿತೊಲಿನಾ ಆಣೆಯಿಟ್ಟಿದ್ದಳು. ವಯಸ್ಸಾದಂತೆ ಕಾದಂಬರಿ ಅವಳ ನೆನಪಿನಿಂದ ಜಾರಿತು. ಉಳಿದದ್ದು ಮೊದಲ ವಾಕ್ಯ, ಕೊನೆಯ ವಾಕ್ಯ. ತಾನೂ ಹೋದರೆ ಗ್ಲೇಬ್ ಎರಡನೆಯ ಸಲ ಸಾಯುತ್ತಾನೆ ಎಂಬ ದಿಗಿಲು. ಕಡೆಗೆ ಅಭಿಮಾನ ಬಿಟ್ಟು ವೆತೋಶ್ಕಿನ್‌ನ ಕಾಲು ಹಿಡಿಯುವುದೆಂದು ನಿಶ್ಚಯಿಸಿದ್ದಳು. ಅಷ್ಟರಲ್ಲಿ ಈ ಸುದ್ದಿ.

ಆದರೂ ಹೋದಳು. ಅವನ ಮಗಳು ಅಗ್ನಿಯಾ ಬಾಗಿಲು ತೆರೆದಳು.

“ಒಂದು ಪುಟವಾದ್ರೂ ಇಲ್ವೇನಮ್ಮಾ?”

“ಒಂದು ಹಾಳೇನೂ ಮನೆಗೆ ತರೋ ಹಾಗಿರ್ಲಿಲ್ಲ, ಕಪಿತೊಲಿನಾ ಫೊಮಿನಿಚ್ನಾ. ಹೋದ ವರ್ಷ ಅಪ್ಪ ನಿವೃತ್ತರಾದ್ರು. ಇನ್ನು ಅದ್ರಿಂದ ಕೆಲಸ ಇಲ್ಲ ಅಂತ ಸಂಸ್ಥೆಯವ್ರು ಆ ಪ್ರತೀನ ಸುಟ್ಟುಬಿಟ್ರು.”

ಕಪಿತೊಲಿನಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ನಿಮ್ಮಪ್ಪ ತಡೀಲಿಲ್ವಾ?”

“ಇಲ್ಲ. ‘ಇನ್ನು ಸುಡ್ಲಿ ಬಿಡು’ ಅಂದ್ರು.”

ಅಗ್ನಿಯಾ ಒಳಗಿನಿಂದ ಹುರಿಯಲ್ಲಿ ಕಟ್ಟಿದ ಸಂಚಿಕೆಗಳನ್ನು ತಂದಳು. “ಅಪ್ಪನ ಲೇಖನಗಳು. ನೀವು ಬಂದ್ರೆ ಕೊಡು ಅಂದಿದ್ರು. ಕ್ರಮ ತಪ್ಪಿಸ್ಬಾರದಂತೆ.”

“ಬೈಗುಳಾನೂ ಕ್ರಮವಾಗಿ ಓದ್ಬೇಕಾ ನಾನು?”

“ನನಗೇನು ಗೊತ್ತಮ್ಮ. ತಮ್ಮ ಮಾತನ್ನ ಯಾರೂ ಓದ್ಬೇಕಾಗಿಲ್ಲ ಅಂತ ಅವರೇ ಹೇಳ್ತಿದ್ರು.”

ಕಟ್ಟು ನೋಡಿ ಫಾಯಿನಾ ಹಿಗ್ಗಿದಳು. “ಒಳ್ಳೇದಾಯ್ತು ಬಿಡು. ಹೆರಿಂಗ್ ಮೀನು ಸುತ್ತೋಕೆ ಕಾಗದಾನೇ ಇರ್ಲಿಲ್ಲ.”

ಎಲ್ಲಕ್ಕಿಂತ ಹಳೆಯ ಲೇಖನದ ಮೊದಲ ಹಾಳೆಯನ್ನು ಕಪಿತೊಲಿನಾ ತಾನೇ ಹರಿದು ಮೀನಿನ ಕೆಳಗೆ ಹಾಸಿದಳು. ಎಣ್ಣೆ ಹರಡಿತು. ಅವಳಿಗೆ ನೆನಪಿದ್ದ ಆ ಮೊದಲ ವಾಕ್ಯ ಕಣ್ಣಿಗೆ ಬಿತ್ತು. ಹಾಳೆಯನ್ನು ಎಳೆದುಕೊಂಡು, ಏಪ್ರನ್ನಿನಲ್ಲಿ ಒರೆಸಿ, ಕಟ್ಟಿನ ಸಮೇತ ಕೋಣೆಗೆ ಹೋಗಿ ಚಿಲಕ ಹಾಕಿದಳು.

“ಮೀನು ಯಾರು ತಿಂತಾರೆ?” ಫಾಯಿನಾ ಬಾಗಿಲು ಬಡಿದಳು. “ಬದುಕಿದ್ದೀಯೇನೇ?”

ಭಾನುವಾರ ಕಪಿತೊಲಿನಾ ಚರ್ಚಿಗೆ ಬಂದಾಗ ಕಣ್ಣು ಊದಿತ್ತು. ಮೇಣದಬತ್ತಿ ಮಾರುವ ಮುದುಕಿ ಪ್ರಾರ್ಥನೆಗೆಂದು ಸತ್ತವರ ಹೆಸರು ಬರೆಯುವ ಚೀಟಿ ತೆಗೆದಳು.

“ಗ್ಲೇಬನಿಗೆ ತಾನೇ?”

“ಅವನಿಗೂ. ಮೊದಲು ಇನ್ನೊಂದು ಹೆಸರು ಬರಿ. ಪೊರ್ಫಿರಿ.”

“ಯಾರವನು, ನೆಂಟನಾ?”

“ಅಲ್ಲ. ನನ್ನ ಗಂಡನ ಪುಸ್ತಕದ ಪ್ರಕಾಶಕ.”

ಒಂದು ವರ್ಷದ ಉದ್ಧರಣೆ ನಿಂತಲ್ಲಿಂದಲೇ ಮರುವರ್ಷದ್ದು ಶುರುವಾಗಿತ್ತು. ಬೈಗುಳ ಬಿಟ್ಟು ಓದಿದರೆ ಮೊದಲ ವಾಕ್ಯದಿಂದ ಕೊನೆಯ ವಾಕ್ಯದವರೆಗೆ ಇಡೀ ಕಾದಂಬರಿ ಅಲ್ಲಿತ್ತು, ಸರ್ಕಾರದ್ದೇ ಕಾಗದದಲ್ಲಿ, ಸರ್ಕಾರದ್ದೇ ಅಚ್ಚಿನಲ್ಲಿ.

ಬತ್ತಿ ಹಚ್ಚಿ ಕಪಿತೊಲಿನಾ ಬೇಡಿಕೊಂಡಳು: ತನ್ನ ಹೆಸರಿಗೆ ತಾನೇ ಯಾಕೆ ಮಸಿ ಬಳಿದುಕೊಂಡನೆಂದು ನೀನು ಬಲ್ಲೆ. ಪ್ರಭುವೇ, ನಿನ್ನ ದಾಸ ಪೊರ್ಫಿರಿಯ ಆತ್ಮಕ್ಕೆ ಶಾಂತಿ ಕೊಡು.