ನಕ್ಷೆಯ ಕೆಂಪು

ಕೇಸರಿಬಾಯಿ ಎಸೆದದ್ದು ಖಾಲಿ ಕೊಡ. ತುಂಬಿದ ಕೊಡ ಎಸೆಯುವಷ್ಟು ನೀರು ಆ ಓಣಿಯಲ್ಲಿ ಇರಲಿಲ್ಲ. ನಲ್ಲಿಯ ಮುಂದಿನ ಜಗಳವನ್ನು ಮೊಬೈಲಿನಲ್ಲಿ ಹಿಡಿಯುತ್ತಿದ್ದ ಚಡ್ಡಿಯ ಪ್ರವಾಸಿಗ ಬದಿಗೆ ಹಾರಿ, ನಗುತ್ತಲೇ ಇಳಿಜಾರಿನಲ್ಲಿ ಓಡಿದ.

"ನಗ್ತಿ ಏನಲೇ! ನೀ ಜಳಕಾ ಮಾಡೂ ನೀರು ನಮ್ಮ ಕೊಡದ್ದೋ!"

ಗೋವಾದಲ್ಲಿ, ಮಡಗಾಂವ್ ಆಚೆಯ ಆ ಕಡಲೂರಿನಲ್ಲಿ ಗುಡ್ಡದ ಮೇಲೆ ತಗಡಿನ ಖೋಲಿಗಳ ಓಣಿ, ಕೆಳಗೆ ಲಾಡ್ಜುಗಳು. ಪೈಪು ಒಂದೇ. ಲಾಡ್ಜಿನ ಈಜುಕೊಳ ತುಂಬಿ ಉಳಿದದ್ದು ಓಣಿಗೆ, ದಿನ ಬಿಟ್ಟು ದಿನ, ಅರ್ಧ ಗಂಟೆ. ಹತ್ತೊಂಬತ್ತು ವರ್ಷದಿಂದ ಕೇಸರಿಬಾಯಿ ಲಾಡ್ಜಿನ ಚಾದರ ಒಗೆಯುತ್ತಿದ್ದಳು. ಸಿಗರೇಟು ಸುಟ್ಟ ತೂತು, ಮರಳು, ವಾಂತಿ, ಎಲ್ಲ ಅವಳ ಕೈಗೇ ಬರುತ್ತಿತ್ತು. ಅಲ್ಲಿಗೆ ಬರುವವರನ್ನು ಶಪಿಸದೆ ಅವಳು ಒಂದು ಚಾದರವನ್ನೂ ಹಿಂಡಿದವಳಲ್ಲ.

ಆ ವಾರವೇ ಸರ್ಕಾರದ ಸರ್ವೇಗೆಂದು ಅಶ್ವಿನಿ ಎಂಬ ಹುಡುಗಿ ಟ್ಯಾಬ್ ಹಿಡಿದು ಬಂದಳು. ಹುಬ್ಬಳ್ಳಿಯವಳು.

"ಊರಾಗ ಟೂರಿಸ್ಟ್ ಎಷ್ಟು ಜಾಸ್ತಿ ಆಗ್ಯಾರ ಅಂತ ಅಳಿಯಾಕತ್ತೇವಿ, ಅಕ್ಕಾರ."

"ಲಾಡ್ಜಿನವ ಖರೇ ಹೇಳ್ತಾನೇನ?"

"ಅವನ್ನ ಯಾರು ಕೇಳ್ತಾರ್ರಿ? ಫೋನೇ ಹೇಳತೈತಿ. ಪರ ಊರಿನ ನಂಬರಿನ ಫೋನು ರಾತ್ರಿ ಯಾವ ಸೂರಿನ ಕೆಳಗ ಮಲಗತೈತೋ, ಅಲ್ಲಿ ನಕ್ಷಾದಾಗ ಒಂದು ಕೆಂಪು ಚುಕ್ಕಿ. ಕೆಂಪು ಭಾಳ ಆದಲ್ಲಿ ನೀರು ಬಂದ್, ಮಳಿಗಾಲದ ತನಕಾ."

"ನಿನ್ನ ಹೊಟ್ಟಿ ತಣ್ಣಗಿರಲಿ, ತಂಗಿ!"

"ನಿಮ್ಮ ಓಣಿಯವರೂ ಲೊಕೇಶನ್ ಆನ್ ಇಡ್ರಿ. ಇಲ್ಲಿ ಎಷ್ಟು ಮಂದಿ ಅದಾರ ಅಂತ ಗೊತ್ತಾಗ್ಲಿ."

ಇಷ್ಟು ಮಂದಿ ಬಾಯಾರಿ ಕೂತಿದ್ದಾರೆಂದು ಸರ್ಕಾರಕ್ಕೆ ತಿಳಿದರೆ ಇನ್ನೇನು ಬೇಕು? ಸಂಜೆ ವೆರ್ಣಾದ ಕಾರ್ಖಾನೆಗಳಿಂದ ಕಂಪನಿ ಬಸ್ಸು ಓಣಿಯ ಜನರನ್ನು ತಂದಿಳಿಸುತ್ತಲೇ ಕೇಸರಿಬಾಯಿ ಮನೆಮನೆ ಹತ್ತಿದಳು. ಖೋಲಿಗೆ ಎಂಟು ಹತ್ತು ಮಂದಿ, ಒಬ್ಬರನ್ನೂ ಬಿಡಲಿಲ್ಲ. ಪಕ್ಕದ ಖೋಲಿಯ ಲೋಕಪ್ಪ ಮಾತ್ರ ಫೋನನ್ನು ಎದೆಗೆ ಅವಚಿಕೊಂಡ.

"ಬ್ಯಾಡ ಬಾಯಿ. ನಮ್ಮ ತಾಳಿಕೋಟಿ ಅಂಗಡ್ಯಾಗ ತಗೊಂಡ ನಂಬರು. ರೇಷನ್ನು, ಬ್ಯಾಂಕು, ಎಲ್ಲಾ ಇದಕ್ಕ ಗಂಟು ಬಿದ್ದೈತಿ. ಏನರೆ ಒತ್ತಿ ಹೋತಂದ್ರ?"

"ನಿನ್ನ ಅಕ್ಕಿ ಎಲ್ಲೂ ಓಡಿ ಹೋಗೂದಿಲ್ಲೋ, ಗಂಡಸ! ನನ್ನ ನಂಬರೂ ಅಲ್ಲೀದ. ನಾ ಒತ್ತಿಲ್ಲೇನು?"

ಕಸಿದುಕೊಂಡು ಅವಳೇ ಒತ್ತಿದಳು.

ತಿಂಗಳ ಮೇಲೆ, ನೀರು ಬಿಡುವ ಶಾನವಾಜ ಉದ್ದನೆಯ ಚಾವಿ ಹೆಗಲಿಗಿಟ್ಟು, ಕೈಯಲ್ಲಿ ನೀರು ಬಂದ್ ಮಾಡುವ ಕಾಗದ ಹಿಡಿದು ಬಂದ. ಕೇಸರಿಬಾಯಿ ಒಗೆಯುವ ಚಾದರ ಅಲ್ಲೇ ಬಿಟ್ಟು ಲಾಡ್ಜಿನ ಗೇಟಿಗೆ ಓಡಿದಳು. ಸಾಬೂನಿನ ಕೈ ಸೊಂಟದ ಮೇಲೆ.

"ಮ್ಯಾನೇಜರ ಸಾಹೇಬ್ರ, ನಿಮ್ಮ ಮಂದಿಗೆ ಇನ್ನ ಸಮುದ್ರದಾಗ ಜಳಕಾ ಮಾಡಂತ ಹೇಳ್ರಿ!"

ಶಾನವಾಜ ಅಲ್ಲಿ ನಿಲ್ಲಲಿಲ್ಲ. ಲಾಡ್ಜಿನ ವಾಲ್ವ್ ದಾಟಿದ, ಗುಡ್ಡ ಹತ್ತಿದ, ಓಣಿಯ ಬಾಯಲ್ಲಿ ಕುಕ್ಕರಗಾಲಲ್ಲಿ ಕೂತು ಚಾವಿ ಇಳಿಸಿದ. ಒಂದು ಸುತ್ತು. ಎರಡು. ಮೂರು.

ಏದುಸಿರು ಬಿಡುತ್ತ ಹಿಂದೆ ಬಂದ ಕೇಸರಿಬಾಯಿ ಚಾವಿಗೆ ಕೈ ಹಾಕಿದಳು. "ಕಣ್ಣು ಹೋಗ್ಯಾವೇನೋ? ಟೂರಿಸ್ಟ್ ಇರೋದು ಕೆಳಗ!"

ಶಾನವಾಜ ಅವಳ ಮುಖ ನೋಡದೆ ಕಾಗದ ಚಾಚಿದ.

"ಕೆಳಗ ಕೆಂಪು ಚುಕ್ಕಿ ಬರೇ ಅರವತ್ತು, ಬಾಯಿ. ಇಲ್ಲಿ ಇನ್ನೂರಾ ಹನ್ನೊಂದು. ನಿಮ್ಮನ್ನೂ ಹಿಡದು."