ಊರಲ್ಲಿ ಬಿಟ್ಟ ನೆರಳು

ಹೆಸರಾಂತ ವಿದೇಶಿ ವಿಶ್ವವಿದ್ಯಾಲಯಗಳಲ್ಲಿ ಓದು ಮುಗಿಸಿದವರಿಗೆ ಅಲ್ಲೇ ಕೆಲಸದ ವೀಸಾ ಸುಲಭವಾಗಿ ಸಿಗುತ್ತಿತ್ತು. ನೆರಳನ್ನು ಮಾತ್ರ ಊರಿನ ಮನೆಯಲ್ಲಿ ಬಿಟ್ಟಿರಬೇಕು. ನಾಗವೇಣಿಯೂ ತನ್ನದನ್ನು ಗದಗಿನ ಮನೆಯಲ್ಲಿ ಬಿಟ್ಟು ಹೋಗಿದ್ದಳು. ಅವಧಿಗೆ ಮುಂಚೆ ನೆರಳಿರುವ ಊರಿಗೆ ಕಾಲಿಟ್ಟರೆ ವೀಸಾ ರದ್ದಾಗುತ್ತದೆಂದು ಅವ್ವನ ಮಣ್ಣಿಗೂ ಬಂದಿರಲಿಲ್ಲ.

ಈಗ ವೀಸಾ ಮುಗಿದು ಮರಳಿದವಳ ಕಾಲಿಗೆ ಅಕ್ಕ ನೀಲವ್ವ ಅಂಗಳದಲ್ಲೇ ನೆರಳನ್ನು ಕೂಡಿಸಿದಳು.

“ಹೊಂದ್ಕೊಳ್ಳಾಕ ಒಂದೆರಡು ದಿನ ಬೇಕು ತಂಗಿ. ಎಳೀಬ್ಯಾಡ, ಅದರ ಕೂಡ ನಡಿ.”

“ಅದು ನಿನಗ ತ್ರಾಸು ಕೊಟ್ಟಿತೇನು?”

“ಇಲ್ಲವ್ವ, ಭಾಳ ಶಾಣ್ಯಾ ಐತಿ. ಅವ್ವ ಹಾಸಿಗಿ ಹಿಡದಾಗ ಅಕಿ ಮಗ್ಗಲು ಬಿಟ್ಟು ಏಳಲಿಲ್ಲ ಅದು.”

ಒಳಗೆ ಪಡಸಾಲೆ ಖಾಲಿಯಿತ್ತು. ನಾಗವೇಣಿ ನೇರವಾಗಿ ಅಡುಗೆಮನೆಯತ್ತ ನಡೆದಳು. ನೆರಳು ಅರ್ಧದಲ್ಲೇ ಅವಳ ಕಾಲಿನಿಂದ ಬಿಡಿಸಿಕೊಂಡು, ಏನನ್ನೋ ಎಡವಬಾರದೆಂಬಂತೆ ಬರಿ ನೆಲವನ್ನು ಸುತ್ತಿ ಬಂತು.

“ಅಲ್ಲೇನೈತಿ ಅಕ್ಕಾ?”

“ಈಗೇನಿಲ್ಲ,” ಎಂದಳು ನೀಲವ್ವ. “ಅವ್ವನ ಹೊರಸು ಅಲ್ಲೇ ಇತ್ತು. ಕಡೀತನಕ ಅದರ ಮ್ಯಾಲೇ ಮಲಗಿದ್ಲು.”

ನಾಗವೇಣಿ ಮತ್ತೆ ಬಾಗಿಲಿಗೆ ಹೋದಳು. ಈ ಸಲ ನೆರಳನ್ನು ಮುಂದೆ ಬಿಟ್ಟು, ಅದರ ಹಿಂದೆಯೇ ಸುತ್ತಿಕೊಂಡು ಒಳಗೆ ಬಂದಳು.