ಬಾಂಬಿಗೆ ದಿನಾ ಒಂದು ಕೊಡ ನೀರು

ಇವತ್ತೂ ಸಿದ್ದವ್ವ ಕೊಡ ಹಿಡಿದು ಹೈಡ್ರೋಜನ್ ಬಸ್ಸಿನ ಹಿಂದೆ ಕುಕ್ಕರಿಸಿದ್ದನ್ನು ಶಿವನಪ್ಪ ಕಣ್ಣಾರೆ ನೋಡಿದ. ದೂರದ ಬೇವಿನ ಮರದ ಮರೆಯಿಂದ ಅವಳ ಬೆನ್ನಷ್ಟೇ ಕಂಡಿತು. ಅವನಿಗೆ ಅಷ್ಟೇ ಸಾಕಾಗಿತ್ತು.

“ನೀರ ಸುರದು ಆರಸಾಕತ್ತಾಳೋ ಮಾಳಿಂಗರಾಯಾ! ಬಾಂಬ್ ಕಾದೈತಿ!” ಎಂದು ಪಕ್ಕದಲ್ಲಿದ್ದ ಗೆಳೆಯನ ತೋಳು ಹಿಡಿದುಕೊಂಡ.

ಸಿದ್ದವ್ವ ಒಂದು ಕಡೆ ವಾಲಿಕೊಂಡು, ಉಸ್ಸಪ್ಪಾ ಎನ್ನುತ್ತ ತನ್ನ ಚಹಾದಂಗಡಿಗೆ ಮರಳಿದಳು. ಪಾಪ, ದಿನಾ ಸುರಿದು ಸುರಿದು ಮುದುಕಿಯ ಸೊಂಟ ಹಿಡಿದಿದೆ ಎಂದು ಶಿವನಪ್ಪ ಮರುಗಿದ.

ಮೂರು ವಾರದ ಹಿಂದೆ ಪ್ರಯೋಗಕ್ಕೆಂದು ಬಿಟ್ಟ ಆ ಬಸ್ಸು ರೋಣದಿಂದ ಬಂದು ಮುಶಿಗೇರಿಯಲ್ಲಿ ಅರ್ಧ ತಾಸು ನಿಲ್ಲುತ್ತಿತ್ತು. ಹೊಗೆಯಿಲ್ಲ, ಸದ್ದಿಲ್ಲ. ಹೊಗೆ ಬಿಡದ ಗಾಡಿ ಅದನ್ನೆಲ್ಲ ಹೊಟ್ಟೆಯಲ್ಲೇ ಕೂಡಿಟ್ಟುಕೊಂಡು ಒಂದು ದಿನ ಢಮ್ ಎನ್ನುತ್ತದೆ ಎಂಬುದು ಶಿವನಪ್ಪನ ಶೋಧ. ಊರು ನಂಬಿತು. ಬಸ್ಸಿನ ಬಳಿ ಯಾರೂ ಬೀಡಿ ಹಚ್ಚುತ್ತಿರಲಿಲ್ಲ. ಕೆಲವರು ಕೆಮ್ಮನ್ನೂ ತಡೆದುಕೊಳ್ಳುತ್ತಿದ್ದರು.

ಈಚೆಗೆ ಅವನ ಮಾತಿಗೆ ತೂಕವೂ ಬಂದಿತ್ತು. ಸಿದ್ದವ್ವನ ಅಂಗಡಿಗೆ ಹಾಲು ಹಾಕುವವನು ಅವನೇ. ತಿಂಗಳ ಹಿಂದೆ ಅವಳ ಚಹಾ ದಿನ ಬಿಟ್ಟು ದಿನ ಒಡೆಯುತ್ತಿತ್ತು. ಊರೆಲ್ಲ ಅವನ ಎಮ್ಮೆಯನ್ನು ದೂರುತ್ತಿತ್ತು. ತನ್ನನ್ನು ಬೈದರೆ ಸಹಿಸಿಯಾನು, ಎಮ್ಮೆಯನ್ನು ಬೈದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಅದಕ್ಕೆ ಹಾಕುವ ಹಿಂಡಿ ಬದಲಿಸಿದ, ಚಹಾ ಒಡೆಯುವುದು ನಿಂತಿತು. ಈಗ ಆ ಚಹಾ ಕುಡಿಯಲು ನರೇಗಲ್ಲಿನಿಂದಲೂ ಜನ ಬರುತ್ತಿದ್ದರು. ಬಸ್ಸು ತೊಲಗಲಿ ಎಂಬ ಸಭೆಗಳೂ ಅಲ್ಲೇ, ಒಂದೊಂದು ಸಭೆಗೆ ಮೂರು ಮೂರು ಕಪ್ಪು.

“ಯಕ್ಕಾ, ಅರ್ಜಿಗೆ ಹೆಬ್ಬಟ್ಟ ಒತ್ತು,” ಎಂದ ಶಿವನಪ್ಪ.

“ನಾ ಒತ್ತಂಗಿಲ್ಲಪಾ. ಆ ಗಾಡಿ ಇರೂತನಕ ನಿನ್ನ ಎಮ್ಮಿಗೂ ಮರ್ಯಾದಿ, ನನಗೂ ಯಾಪಾರ.”

ವ್ಯಾಪಾರದ ಆಸೆಗೆ ಮುದುಕಿ ಜೀವದ ಹಂಗನ್ನೇ ಬಿಟ್ಟಿದ್ದಾಳೆ ಎಂದುಕೊಂಡ ಶಿವನಪ್ಪ, ‘ದಿನಾ ಕೊಡಗಟ್ಟಲೆ ನೀರು ಸುರಿದರೂ ಆರದ ಗಾಡಿ’ ಎಂದು ಅರ್ಜಿಯಲ್ಲಿ ಇನ್ನೊಂದು ಸಾಲು ಸೇರಿಸಿದ.

ಅರ್ಜಿ ಹೋಯಿತು. ವಾರದಲ್ಲಿ ಬಸ್ಸನ್ನು ನರಗುಂದದ ಕಡೆ ತಿರುಗಿಸಿದರು. ಮುಶಿಗೇರಿಗೆ ಹಳೆಯ ಡೀಸೆಲ್ ಬಸ್ಸು ಕರ್ರನೆ ಹೊಗೆ ಕಾರುತ್ತ ಬಂತು. ಜನ ಸಿಳ್ಳೆ ಹೊಡೆದರು. ಶಿವನಪ್ಪ ಶಾಲು ಹೊದ್ದು, ಎಲ್ಲರಿಗೂ ತನ್ನ ಲೆಕ್ಕದಲ್ಲಿ ಚಹಾ ಹೇಳಿದ.

ಮೊದಲ ಗುಟುಕಿಗೇ ಮಾಳಿಂಗರಾಯ ಮುಖ ಕಿವುಚಿದ. ಚಹಾ ಒಡೆದಿತ್ತು. ಎಲ್ಲರ ಕಪ್ಪಿನಲ್ಲೂ ಹಾಲು ಗಡ್ಡೆಗಡ್ಡೆಯಾಗಿ ತೇಲುತ್ತಿತ್ತು.

“ಶಿವನಪ್ಪಾ, ಮತ್ತ ಸುರೂ ಆತೇನೋ ನಿನ್ನ ಎಮ್ಮೀದು?”

ಶಿವನಪ್ಪನ ಕಣ್ಣಲ್ಲಿ ನೀರಾಡಿತು. “ಯಕ್ಕಾ, ದೇವರಾಣಿ, ಹಾಲು ಚಲೋ ಅದಾವು! ನೀನಾರ ಹೇಳು!”

ಸಿದ್ದವ್ವ ಖಾಲಿ ಕೊಡವನ್ನು ಬೋರಲು ಹಾಕಿದಳು.

“ಹಾಲೂ ಚಲೋ, ಎಮ್ಮೀನೂ ಚಲೋ, ಒಡದಿದ್ದು ಬೋರಿನ ಸವಳ ನೀರಿಗೆ. ನಾ ಆ ಗಾಡಿಗೆ ನೀರ ಸುರೀತಿದ್ದಿಲ್ಲೋ ಯಪ್ಪಾ, ಹೊಗಿ ಬದಲಿ ಅದು ಬಿಡತಿದ್ದ ಸೀ ನೀರ ತುಂಬಕೊಂಡು ಬಂದು ನಿಮಗೆಲ್ಲಾ ಚಾ ಕಾಸತಿದ್ದೆ.”